ಹೊಟ್ಟೆ, ಗಂಟಲು, ಹಲ್ಲು

ತಂತಿ ಸುತ್ತುತ್ತ ಕೂತ ಮೇಷ್ಟ್ರನ್ನು ಮಾತನಾಡಿಸಬಾರದು ಎಂಬುದು ಬೀದಿಗೆಲ್ಲ ಗೊತ್ತಿದ್ದ ಸಂಗತಿ. ಗೊತ್ತಿಲ್ಲದ ಯಾರೋ ಅಂಗಡಿಗೆ ಬಂದು, "ಈ ರೇಡಿಯೋ ಸರಿ ಮಾಡೋಕೆ ಎಷ್ಟಾಗುತ್ತೆ?" ಎಂದರೆ ಮೇಷ್ಟ್ರು ತಲೆಯೆತ್ತದೆ "ಇನ್ನೂರ ಹದಿನೇಳು" ಎನ್ನುತ್ತಿದ್ದರು. ಅದು ಕಾಯಿಲ್ ಸುತ್ತಿನ ಲೆಕ್ಕ. ಎಲ್ಲಿ ತಪ್ಪಿಹೋದೀತೋ ಎಂದು ಗಟ್ಟಿಯಾಗಿ ಹೇಳಿಕೊಂಡದ್ದು. ಬಂದವರು ರೇಡಿಯೋವನ್ನು ಕಂಕುಳಿಗೆ ಏರಿಸಿಕೊಂಡು ಕಾಲ್ಕೀಳುತ್ತಿದ್ದರು. ಹೀಗೆ ಬಾಗಿಲಿಗೆ ಬಂದ ಗಿರಾಕಿಗಳನ್ನು ಓಡಿಸಿಯೂ ಆ ಅಂಗಡಿ ಅಷ್ಟು ವರ್ಷ ನಡೆದದ್ದೇ ದೊಡ್ಡ ಪವಾಡ. ಯಾವ ಶಾಲೆಯಲ್ಲೂ ಒಂದು ದಿನ ಪಾಠ ಹೇಳದ ಮನುಷ್ಯನಿಗೆ ಸುತ್ತು ಮೇಷ್ಟ್ರು ಎಂಬ ಹೆಸರು ಅಂಟಿಕೊಂಡದ್ದು ಹಾಗೆ.

ಈಗ ಅಂಗಡಿ ಇಲ್ಲ. ಅಂಗಡಿಯ ಮೇಜು ಮನೆಯ ನಡುಕೋಣೆಗೆ ಬಂದು ಕೂತಿದೆ. ಅದರ ಹಿಂದೆ ಮೇಷ್ಟ್ರೂ ಬಂದು ಕೂತಿದ್ದಾರೆ. ಕೆಲಸವಿಲ್ಲದ ಕೈ ಸುಮ್ಮನಿರುತ್ತದೆಯೇ? ಚೆನ್ನಾಗಿಯೇ ಓಡುತ್ತಿದ್ದ ಗೋಡೆ ಗಡಿಯಾರವನ್ನು ಬಿಚ್ಚಿ ನಿಲ್ಲಿಸಿದ್ದರು. ಮಿಕ್ಸಿಯ ಕಡೆ ಕಣ್ಣು ಹಾಕಿದಾಗ ಹೆಂಡತಿ, "ಅದರ ಸುದ್ದಿಗೆ ಮಾತ್ರ ಹೋಗ್ಬೇಡಿ" ಎಂದು ಗದರಿದ್ದರು. ಅಷ್ಟರಲ್ಲಿ ಮಗಳ ಫೋನು ಬಂತು. ಗಂಡ ಹೆಂಡತಿ ಇಬ್ಬರೂ ಸೇರಿ ದೊಡ್ಡ ಮನೆಗೆ ಹೋಗುತ್ತಿದ್ದಾರಂತೆ, ವಿಶಾಲವಾದ ಹಾಲ್ ಇದೆಯಂತೆ. "ಅಪ್ಪಾ, ನಮ್ಮ ಹಾಡಿನ ಪೆಟ್ಟಿಗೆ ಇನ್ನೂ ಇದೆ ತಾನೇ? ನನಗೆ ಕೊಡ್ತೀರಾ?"

ಕೊಡ್ತೀರಾ ಅಂತೆ! ಮೇಷ್ಟ್ರಿಗೆ ಸ್ವರ್ಗಕ್ಕೆ ಮೂರೇ ಗೇಣು ಉಳಿಯಿತು. ಮಡಿಚಿದ ಬಟ್ಟೆಗಳನ್ನು ಹೊತ್ತು ವರ್ಷಗಟ್ಟಲೆ ಮೂಲೆಯಲ್ಲಿ ಮೂಕವಾಗಿ ನಿಂತಿದ್ದ ಪೆಟ್ಟಿಗೆಯನ್ನು ಆ ಸಂಜೆಯೇ ಎಳೆದು ಹೊರಗಿಟ್ಟು, ಹಿಂಬದಿಯ ಹಲಗೆ ಬಿಚ್ಚಿದರು.

ಇಂಥ ಪೆಟ್ಟಿಗೆಯಲ್ಲಿ ಸ್ಪೀಕರು ಒಂದಲ್ಲ, ಮೂರು. ಗುಡುಗುವುದಕ್ಕೆ ದೊಡ್ಡದು, ಮಾತಿಗೆ ನಡುವಿನದು, ಬೀಗದ ಕೈ ಗೊಂಚಲಿನಂಥ ಕಿಣಿಕಿಣಿ ಸದ್ದಿಗೆ ಅಂಗೈಯಲ್ಲಿ ಮುಚ್ಚಿಹೋಗುವ ಟ್ವೀಟರು. ಬಂದ ಹಾಡನ್ನು ಮೂರು ಪಾಲು ಮಾಡಿ, ಯಾರ ಪಾಲು ಯಾರಿಗೆ ಎಂದು ಹಂಚಿಕೊಡುವ ಹಲಗೆಗೆ ಕ್ರಾಸ್‌ಓವರ್ ಎನ್ನುತ್ತಾರೆ. ಅದರ ಮೇಲೆ ಕೂತ ಕಾಯಿಲ್ ದಪ್ಪ ದನಿಯನ್ನು ಒಳಗೆ ಬಿಟ್ಟು ಸಣ್ಣ ದನಿಯನ್ನು ಬಾಗಿಲಲ್ಲೇ ತಡೆಯುತ್ತದೆ. ಕೆಪಾಸಿಟರ್ ಅದಕ್ಕೆ ತದ್ವಿರುದ್ಧ. ರೆಸಿಸ್ಟರ್ ಅತಿಯಾಗಿ ಹಾರಾಡುವವರ ತಲೆ ಮೊಟಕಿ ಕೂರಿಸುತ್ತದೆ. ಪಾಲು ಸರಿಯಾಗದಿದ್ದರೆ ಆಸ್ತಿ ಹಂಚಿಕೊಂಡ ಅಣ್ಣತಮ್ಮಂದಿರ ಹಾಗೆ ಮೂವರೂ ಕಿತ್ತಾಡುತ್ತಾರೆ, ಹಾಡು ಬೀದಿಗೆ ಬೀಳುತ್ತದೆ.

ಮೇಷ್ಟ್ರು ಒಳಗೆ ಟಾರ್ಚು ಬಿಟ್ಟು ನೋಡಿದರೆ ದೊಡ್ಡ ಸ್ಪೀಕರು ಕಲ್ಲುಗುಂಡಿನ ಹಾಗೆ ಗಟ್ಟಿಯಾಗಿತ್ತು. ನಡುವಿನದೂ ಟ್ವೀಟರೂ ಸತ್ತಿದ್ದವು. ಅದೇ ಮಾಡೆಲ್ ಈಗ ಎಲ್ಲಿ ಸಿಗಬೇಕು? ಬೇರೆ ಕಂಪನಿಯವು ಬಂದವು. ಟ್ವೀಟರನ್ನಂತೂ ಒಂದು ಹೆಚ್ಚಿಗೆ ಇರಲಿ ಎಂದು ಎರಡು ತಂದರು. ಸ್ಪೀಕರು ಬದಲಾಯಿತು ಎಂದರೆ ಹಳೆಯ ಪಾಲುಪಟ್ಟಿ ನಡೆಯುವುದಿಲ್ಲ. ಮೊದಲಿನಿಂದ ಹೊಸ ಕ್ರಾಸ್‌ಓವರ್ ಕಟ್ಟಬೇಕು. ಇದನ್ನು ಕೇಳಿ ಬೇರೆಯವರಾದರೆ ತಲೆ ಮೇಲೆ ಕೈ ಹೊತ್ತು ಕೂರುತ್ತಿದ್ದರು. ಮೇಷ್ಟ್ರು ಒಳಗೊಳಗೇ ಹಿಗ್ಗಿ, ಅಡುಗೆಮನೆಯ ಕಡೆ ತಿರುಗಿ ಕೂಗಿದರು.

"ಏನೇ, ಸ್ಟೂಲು ಹುಡುಕಿ ಇಟ್ಕೋ. ಕೆಲಸ ಬಂದಿದೆ ನಿನಗೆ."

ಆ ಸ್ಟೂಲಿನದು ದೊಡ್ಡ ಕಥೆ. ಮದುವೆಯಾದ ಹೊಸತರಲ್ಲಿ ಇವರಿದ್ದದ್ದು ಮಹಡಿಯ ಮೇಲಿನ ಒಂದೇ ಕೋಣೆ; ಮೇಲೆ ತಗಡಿನ ಮಾಡು. ಆಗಷ್ಟೇ ಬಡಗಿ ಕೆಲಸ ಕಲಿಯುತ್ತಿದ್ದ ಹೆಂಡತಿಯ ತಮ್ಮ, ಯಂತ್ರ ತುಂಬಿ ಬಂದ ಡಬ್ಬದ ಹಲಗೆಗಳನ್ನು ತಂದು ಈ ಪೆಟ್ಟಿಗೆ ಮಾಡಿಕೊಟ್ಟ. ಪುಸ್ತಕದ ಸೂತ್ರ ಹಿಡಿದು ಮೇಷ್ಟ್ರು ಕಾಯಿಲ್ ಸುತ್ತಿದರು. ಆದರೆ ಪುಸ್ತಕ ಬರೆದವನಿಗೆ ಆ ತಗಡಿನ ಮಾಡು ಗೊತ್ತೇ? ಹಾಡು ಹಾಕಿದರೆ ಏನೋ ಸರಿಯಿಲ್ಲ, ಏನೆಂದು ಹೇಳಲು ಬಾರದು. ಅಳೆದು ನೋಡುವ ಉಪಕರಣವನ್ನು ಕಣ್ಣಿಂದ ಕಂಡಿದ್ದರಷ್ಟೇ. ಭಾವ, ಭಾಮೈದ ಇಬ್ಬರೂ ಮುಖ ಮುಖ ನೋಡಿಕೊಂಡು ಕೂತಿದ್ದಾಗ, ಪೆಟ್ಟಿಗೆಗೆ ಬೆನ್ನು ಹಾಕಿ ಸ್ಟೂಲಿನ ಮೇಲೆ ಬಟಾಣಿ ಸುಲಿಯುತ್ತಿದ್ದ ಹೆಂಡತಿ ತಿರುಗದೆಯೇ ಹೇಳಿದರು. "ಹೊಟ್ಟೆ ಜಾಸ್ತಿಯಾಯ್ತು. ಹಾಡೋಳು ಗಡದ್ದಾಗಿ ಊಟ ಮಾಡಿ ಬಂದು ಹಾಡ್ತಿರೋ ಹಾಗಿದೆ. ಗಂಟಲು ಕಟ್ಟಿದೆ. ಹಲ್ಲಂತೂ ಇಲ್ಲವೇ ಇಲ್ಲ."

ಗಂಡಸರಿಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನಕ್ಕು ಮುಗಿದ ಮೇಲೆ ಮೇಷ್ಟ್ರು, ನೋಡೇಬಿಡೋಣ ಎಂದು ನಡುವಿನ ಸ್ಪೀಕರಿನ ಕಾಯಿಲ್‌ನಿಂದ ಒಂದಷ್ಟು ಸುತ್ತು ಬಿಚ್ಚಿದರು. "ಹಾಂ, ಈಗ ಬಾಯಿ ಬಿಟ್ಟಳು" ಎಂದಿತು ಸ್ಟೂಲು. ಮೇಷ್ಟ್ರ ನಗು ಅಲ್ಲಿಗೇ ನಿಂತಿತು. ಹೊಟ್ಟೆ, ಗಂಟಲು, ಹಲ್ಲು. ದೊಡ್ಡ ಸ್ಪೀಕರು, ನಡುವಿನದು, ಟ್ವೀಟರು. ಅಂದಿನಿಂದ ಆ ಮೂರು ಮಾತೇ ಕಾಯಿದೆ. ಭಾಮೈದ ಅಕ್ಕನಿಗೆ ಹೈಕೋರ್ಟು ಎಂದು ಹೆಸರಿಟ್ಟ. ಹೈಕೋರ್ಟು "ಈಗ ಸರಿ" ಎನ್ನುವವರೆಗೆ ತಂತಿಗಳನ್ನು ಬರೀ ಹೆಣೆದಿಡುವುದು. ಎಂದ ಮೇಲಷ್ಟೇ ಸೀಸ ಕರಗಿಸಿ ಸಾಲ್ಡರ್ ಹಾಕುವುದು. ಹಾಗೆ ಹಾಕಿದ ಸಾಲ್ಡರನ್ನು ಮೇಷ್ಟ್ರು ಜೀವಮಾನದಲ್ಲಿ ಬಿಚ್ಚಿದವರಲ್ಲ.

ಆ ಮೊದಲ ಸಲ "ಈಗ ಸರಿ" ಬಂದ ಗಳಿಗೆಯನ್ನು ನೆನೆದರೆ ಮೇಷ್ಟ್ರ ಮುಖ ಈಗಲೂ ಅರಳುತ್ತದೆ. ಅದೇ ಹಾಡು, ಅದೇ ಟೇಪು, ಎಷ್ಟನೆಯ ಸಲವೋ. ಮೊದಲ ಸಾಲು ಮುಗಿದು ಎರಡನೆಯದು ಶುರುವಾಗುವ ಮುಂಚೆ ಆಕೆ ಗಕ್ಕನೆ ತಿರುಗಿದರು. ಮಡಿಲಿನ ಬಟಾಣಿ ನೆಲದ ತುಂಬ ಉರುಳಿತು. "ರೀ! ಅವಳು ಉಸಿರು ಎಳ್ಕೊಂಡಳು ಕಣ್ರೀ! ಕೇಳಿಸ್ತಾ? ಈಗ ಸರಿ!" ನಿಜ. ಹಾಡುವವಳು ಸಾಲಿಗೆ ಮುಂಚೆ ಒಂದು ಪುಟ್ಟ ಉಸಿರು ಎಳೆದುಕೊಂಡಿದ್ದಳು. ಯಾರ ಮನೆಯ ರೇಡಿಯೋದಲ್ಲೂ ಯಾರೂ ಕೇಳಿರದ ಉಸಿರು. ಮೂವರೂ ನೆಲದ ಮೇಲೆ ಬಟಾಣಿ ಹೆಕ್ಕುತ್ತ, ಮತ್ತೆ ಮತ್ತೆ ಟೇಪು ಹಿಂದಕ್ಕೆ ಓಡಿಸಿ, ಆ ಉಸಿರನ್ನೇ ಕೇಳಿದರು. ಎಂಥ ಖುಷಿ ಅದು! ಆಮೇಲೆ ಹುಟ್ಟಿದ ಮಗಳು ಈ ಪೆಟ್ಟಿಗೆಗೆ ಒರಗಿ ನಿದ್ದೆ ಮಾಡಿ ಬೆಳೆದಳು. ಅಂಗಡಿಯಲ್ಲಿ ಯಾವ ಸೆಟ್ಟು ರಿಪೇರಿಯಾದರೂ ಕೊನೆಗೊಮ್ಮೆ ಮನೆಗೆ ಬಂದು ಸ್ಟೂಲಿನ ಮುಂದೆ ಹಾಜರಾಗುತ್ತಿತ್ತು. ಮೇಷ್ಟ್ರು ತಮ್ಮ ಕಿವಿಯನ್ನು ಕನ್ನಡಕ ಸಿಕ್ಕಿಸಲು ಬಿಟ್ಟರೆ ಬೇರೆ ಯಾವುದಕ್ಕೂ ನಂಬಿದವರಲ್ಲ.

ಹಾಗಾಗಿ ಈ ಸಲವೂ ಸ್ಟೂಲು ಅದರ ಜಾಗಕ್ಕೆ ಬಂತು: ಬೆನ್ನು ಪೆಟ್ಟಿಗೆಗೆ, ಮುಖ ಹಿತ್ತಿಲ ಬಾಗಿಲಿಗೆ. ಹಿತ್ತಿಲ ಹೊಸಿಲಿನ ಮೇಲೆ ಬೀದಿನಾಯಿಯೊಂದು ಎಂದಿನಂತೆ ಮಲಗಿತ್ತು; ಮನೆಗೆ ಬೆಂಕಿ ಬಿದ್ದರೂ ಏಳದ ಪ್ರಾಣಿ. ಮರದ ಮಿಲ್ಲಿನಿಂದ ರಿಟೈರಾದ ಭಾಮೈದ ಉಪಕರಣದ ಚೀಲ ಹಿಡಿದು ಬಂದ. ಮಿಲ್ಲಿನ ಗರಗಸ ಅವನ ಕಿವಿಯನ್ನು ಎಂದೋ ತಿಂದು ಮುಗಿಸಿತ್ತು, ಅವನಿಗೆ ಮಾತನ್ನೇ ಎರಡೆರಡು ಸಲ ಹೇಳಬೇಕು. ಮೇಷ್ಟ್ರು ಹಳೆಯ ಟೇಪು ಹಾಕಿದರು.

"ಹೇಗಿದೆ?"

"ಹೊಟ್ಟೆ ಸರಿಯಾಗಿದೆ. ಗಂಟಲೂ ಪರವಾಗಿಲ್ಲ. ಹಲ್ಲಿಲ್ಲ."

"ಹೊಸ ಹಲ್ಲುಸೆಟ್ಟಲ್ವಾ ಅಕ್ಕಾ, ಒಸಡಿಗೆ ಕೂರೋಕೆ ಟೈಮ್ ಬೇಕು. ನನ್ನದೂ ಹಾಗೇ ಆಯ್ತು" ಎಂದು ಭಾಮೈದ ತನ್ನ ಸೆಟ್ಟನ್ನು ಕಟಕಟ ಆಡಿಸಿ ತೋರಿಸಿದ.

ಮೇಷ್ಟ್ರು ಟ್ವೀಟರಿನ ರೆಸಿಸ್ಟರ್ ತೆಗೆದು ಸಣ್ಣದು ಹಾಕಿದರು. "ಇನ್ನೂ ಸ್ವಲ್ಪ." ಅದಕ್ಕಿಂತ ಸಣ್ಣದು ಹಾಕಿದರು. "ಇನ್ನೂ." ರೆಸಿಸ್ಟರನ್ನೇ ಕಿತ್ತೆಸೆದರು. "ಹೂಂ, ಹಾಲುಹಲ್ಲು ಬಂದಿದೆ" ಎಂದರು ಆಕೆ. ಮೇಷ್ಟ್ರಿಗೂ ಹಾಗೆಯೇ ಅನಿಸಿತು. ಆಕೆಗೆ ಅನಿಸಿದ್ದು ಇವರಿಗೆ ಅನಿಸದೇ ಇದ್ದದ್ದು ಯಾವಾಗ? ಕೊನೆಗೆ ಎರಡನೆಯ ಟ್ವೀಟರನ್ನೂ ಹಾಕುವುದೆಂದು ತೀರ್ಮಾನವಾಯಿತು. ಭಾಮೈದ ಪೆಟ್ಟಿಗೆಯ ಮುಂಭಾಗವನ್ನು ಸವರಿ ನಿಟ್ಟುಸಿರಿಟ್ಟ.

"ಭಾವ, ಮರಕ್ಕೆ ತೂತು ಹೊಡೆದ್ರೆ ಹೊಡೆದದ್ದೇ. ಆಮೇಲೆ ಬೇಡ ಅಂದ್ರೆ ಹೊಲಿಗೆ ಹಾಕೋಕೆ ಇದು ಬಟ್ಟೆಯಲ್ಲ."

"ಹೈಕೋರ್ಟಿನ ಆರ್ಡರು ಕಣಯ್ಯಾ, ನಾನೇನು ಮಾಡ್ಲಿ?"

ತೂತು ಕೊರೆದ. ಕೊರೆದಾಗ ಬಿದ್ದ ದುಂಡನೆಯ ಬಿಲ್ಲೆಯನ್ನು ಜೇಬಿಗೆ ಹಾಕಿಕೊಂಡ. ಮರದ ಚೂರನ್ನು ಎಸೆಯುವುದು ಅವನ ಜಾತಕದಲ್ಲೇ ಬರೆದಿರಲಿಲ್ಲ.

ಹಾಡು ಶುರುವಾಯಿತು. ಮೊದಲ ಸಾಲು ಮುಗಿಯಿತು. ಆಕೆ ಗಕ್ಕನೆ ತಿರುಗಿದರು. "ಬಂತು ರೀ! ಉಸಿರು ಎಳ್ಕೊಂಡಳು! ಈಗ ಸರಿ!" ಅಯ್ಯೋ, ಆ ಕ್ಷಣ! ಮೇಷ್ಟ್ರಿಗೆ ಮಹಡಿಯ ಕೋಣೆ, ತಗಡಿನ ಮಾಡು, ನೆಲದ ಮೇಲಿನ ಬಟಾಣಿ, ಎಲ್ಲ ಒಟ್ಟಿಗೆ ಕಣ್ಣಮುಂದೆ ಬಂದವು. ಭಾಮೈದ ಕಣ್ಣು ಮುಚ್ಚಿ ತಲೆದೂಗಿದ. ಪಕ್ಕದ ಮನೆಯವರು ದಡಾರನೆ ಕಿಟಕಿ ಹಾಕಿಕೊಂಡರು. ಮನೆಗೆ ಬೆಂಕಿ ಬಿದ್ದರೂ ಏಳದ ನಾಯಿ ಎದ್ದು, ಬಾಲ ಮಡಚಿ, ತಿರುಗಿಯೂ ನೋಡದೆ ಹೊರಟುಹೋಯಿತು. "ನಾಯಿಗೇನು ಗೊತ್ತು ಸಂಗೀತ" ಎಂದ ಭಾಮೈದ. ಆಕೆ ಮಾತ್ರ ಖಾಲಿ ಹೊಸಿಲನ್ನು ಒಂದು ಗಳಿಗೆ ನೋಡಿ, ಮತ್ತೆ ಗಂಡನ ಮುಖ ನೋಡಿದರು. ಮೇಷ್ಟ್ರು ಸಾಲ್ಡರ್ ಹಾಕಿದರು.

ಮರುದಿನ ಬೆಳಿಗ್ಗೆ ಮಗಳು ಬಂದಳು. ಅವಳಿಗೆ ಸ್ವಾಗತವಿರಲಿ ಎಂದು ಮೇಷ್ಟ್ರು ಹಾಡು ಹಾಕಿಯೇ ಇಟ್ಟಿದ್ದರು. ಮುಂಬಾಗಿಲಲ್ಲಿ ಕಾಲಿಟ್ಟವಳೇ ಬ್ಯಾಗು ಕೆಳಗೆ ಬಿಟ್ಟು ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡಳು. ಹಿತ್ತಿಲ ಕಡೆ ಮುಖ ಮಾಡಿ ಸ್ಟೂಲಿನ ಮೇಲೆ ಕೂತಿದ್ದ ತಾಯಿಗೆ ಅದು ಕಾಣಲಿಲ್ಲ. "ಅಮ್ಮಾ" ಎಂದು ಎರಡು ಸಲ ಕರೆದದ್ದೂ ಕೇಳಲಿಲ್ಲ. ಮಗಳು ಓಡಿಬಂದು ತಂದೆಯ ಕಿವಿಯ ಹತ್ತಿರ ಬಾಗಿದಳು.

"ಅಪ್ಪಾ, ಮೊದಲು ನಿಲ್ಲಿಸಿ! ಕಿವಿಗೆ ದಬ್ಬಳ ಹಾಕಿ ಚುಚ್ಚಿದ ಹಾಗಿದೆ."

"ಏನು ಚುಚ್ಚುತ್ತೆ?"

"ಇದು!" ಎಂದು ಟ್ವೀಟರುಗಳನ್ನು ತೋರಿಸಿದಳು. "ನಿಮಗೆ ಕೇಳಿಸ್ತಿಲ್ವಾ?"

ಮೇಷ್ಟ್ರು ಬಗ್ಗಿ ಟ್ವೀಟರಿಗೆ ಕಿವಿ ಹಚ್ಚಿದರು. ಏನೂ ಇಲ್ಲ, ಮೆಲ್ಲಗೆ ಯಾರೋ ಮರಳು ಸುರಿದ ಹಾಗೆ, ಅಷ್ಟೇ. ಬೆರಳ ತುದಿ ಇಟ್ಟು ನೋಡಿದರು. ಮುಷ್ಟಿಯೊಳಗೆ ಸಿಕ್ಕ ನೊಣದ ಹಾಗೆ ಅದು ಪಟಪಟನೆ ಒದ್ದಾಡುತ್ತಿತ್ತು. ಬೆರಳಿಗೆ ಗೊತ್ತಾಗುತ್ತಿರುವುದು ಕಿವಿಗೆ ಗೊತ್ತಾಗುತ್ತಿಲ್ಲ. ಕೈ ತಾನಾಗಿಯೇ ಹೋಗಿ ಸ್ವಿಚ್ಚು ಆರಿಸಿತು.

"ಯಾಕ್ರೀ ನಿಲ್ಲಿಸಿದ್ರಿ? ಅರೆ, ಯಾವಾಗ ಬಂದ್ಯೇ!" ಆಕೆ ಎದ್ದು ಬಂದು ಮಗಳ ಗಲ್ಲ ಹಿಡಿದರು. "ಹೇಗಿದೆ ಪೆಟ್ಟಿಗೆ? ಉಸಿರು ಕೇಳಿಸ್ತಾ?"

ಮಗಳು ತಂದೆಯ ಮುಖ ನೋಡಿದಳು. "ಕೇಳಿಸ್ತಮ್ಮ, ಚೆನ್ನಾಗಿದೆ."

ತಾಯಿ, ರಾತ್ರಿ ಅಲ್ಲೇ ಉಳಿದಿದ್ದ ತನ್ನ ತಮ್ಮನನ್ನು ಕರೆದುಕೊಂಡು ತರಕಾರಿಗೆಂದು ಹೊರಟ ಮೇಲೆ ಮಗಳು ಬಾಯಿ ತೆರೆದಳು. ಇಬ್ಬರೂ ಕಿವಿ ತೋರಿಸಿಕೊಳ್ಳಬೇಕು, ಅಮ್ಮನಿಗೆ ನಿಜ ಹೇಳಬೇಕು ಎಂದಳು. ಹೇಳುವುದೆಲ್ಲ ನ್ಯಾಯವೇ. ಮೇಷ್ಟ್ರು ತಲೆ ಅಲ್ಲಾಡಿಸಿದರು.

"ನೀನು ಪೆಟ್ಟಿಗೆ ಹೀಗೇ ತಗೊಂಡು ಹೋಗು. ಅಲ್ಲಿ ಯಾರ ಕೈಲಾದರೂ ಸರಿ ಮಾಡಿಸ್ಕೋ. ಇಲ್ಲಿ ಬೇಡ."

"ಯಾಕಪ್ಪಾ?"

"ಅವಳು ಸರಿ ಅಂದ ಮೇಲೆ ನಾನು ಯಾವತ್ತೂ ಸಾಲ್ಡರ್ ಬಿಚ್ಚಿಲ್ಲ ಕಣಮ್ಮ. ಇವತ್ತು ಬಿಚ್ಚಿದ್ರೆ, ನಿನ್ನ ಕಿವಿ ಹೋಯ್ತು ಅಂತ ಅವಳ ಮುಖಕ್ಕೇ ಹೇಳಿದ ಹಾಗೆ. ಮಂಡಿ ನೋವು ಅಂದ್ರೆ ತಡ್ಕೋತಾಳೆ, ಕಣ್ಣಿಗೆ ಪೊರೆ ಬಂತು ಅಂದ್ರೆ ತಡ್ಕೋತಾಳೆ. ಇದನ್ನ ತಡ್ಕೊಳ್ಳಲ್ಲ." ಮೇಷ್ಟ್ರು ಖಾಲಿ ಸ್ಟೂಲಿನ ಕಡೆ ನೋಡಿದರು. "ಅಷ್ಟೇ ಅಲ್ಲ. ಅವಳ ಕಿವಿ ಇಲ್ಲ ಅಂದ್ರೆ ನಾನು ಯಾರನ್ನ ಕೇಳ್ಲಿ?"

ಮಗಳು ಬಿಡಲಿಲ್ಲ, ಹಟದಲ್ಲಿ ತಾಯಿಯದೇ ಅಚ್ಚು. "ಒಂದೇ ಒಂದು ಸಲ ಬಿಚ್ಚಿ ನೋಡೋಣ ಅಪ್ಪಾ. ಬೇಡ ಅನ್ನಿಸಿದ್ರೆ ಅಮ್ಮ ಬರೋದ್ರೊಳಗೆ ಮತ್ತೆ ಹಾಕಿಬಿಡಿ" ಎಂದಳು. ಮೇಷ್ಟ್ರು ಕಳ್ಳನ ಹಾಗೆ ಬಾಗಿಲ ಕಡೆ ನೋಡಿ, ಸಾಲ್ಡರಿಂಗ್ ಕಡ್ಡಿ ಕಾಯಲು ಇಟ್ಟರು. ಕೇಳಲು ಅನುಕೂಲವೆಂದು ಮಗಳು ಹೋಗಿ ಸ್ಟೂಲಿನ ಮೇಲೆ ಕೂತಳು. ಬೇರೆ ಏನೂ ಯೋಚಿಸದೆ ಕೂತಳು, ಪಾಪ.

ಮುಂಬಾಗಿಲು ತೆರೆಯಿತು. ಪರ್ಸು ಮರೆತು ಅರ್ಧ ದಾರಿಯಿಂದ ಅಕ್ಕ, ತಮ್ಮ ಇಬ್ಬರೂ ವಾಪಸು ಬಂದಿದ್ದರು.

"ಓಹೋ, ಹೈಕೋರ್ಟು ಬದಲಾಯ್ತಾ!" ಎಂದು ಭಾಮೈದ ನಕ್ಕ. ಭಾವನ ಕೈಯಲ್ಲಿ ಹೊಗೆಯಾಡುತ್ತಿದ್ದ ಕಡ್ಡಿ ನೋಡಿ ನಾಲಿಗೆ ಕಚ್ಚಿಕೊಂಡ. ಆಕೆ ಸ್ಟೂಲನ್ನು ನೋಡಿದರು, ಕಡ್ಡಿಯನ್ನು ನೋಡಿದರು, ನೇರ ಅಡುಗೆಮನೆಗೆ ಹೋದರು.

ಮೇಷ್ಟ್ರು ಹಿಂದೆಯೇ ಹೋಗಿ ಬಾಗಿಲಲ್ಲಿ ನಿಂತು "ಏನೇ..." ಎಂದರು. ಆಕೆ ಹಿತ್ತಿಲ ಕಡೆ ನೋಡುತ್ತ ನಿಂತಿದ್ದರು.

"ನಾಯಿ ಇನ್ನೂ ಬಂದಿಲ್ಲ, ನೋಡಿದ್ರಾ? ಅದು ಎದ್ದು ಹೋದಾಗ್ಲೇ ನನಗೆ ಗೊತ್ತಾಯ್ತು."

"ಗೊತ್ತಾಯ್ತಾ? ಮತ್ತೆ ಯಾಕೆ ಹೇಳ್ಲಿಲ್ಲ?"

"ನಿಮ್ಮ ಮುಖ ನೋಡಿದೆ. ಮಹಡಿ ಕೋಣೇಲಿದ್ದಾಗ ಇತ್ತಲ್ಲ, ಅದೇ ಮುಖ. ಹಾಳು ಮಾಡೋಕೆ ಮನಸ್ಸು ಬರ್ಲಿಲ್ಲ."

"ಉಸಿರು ಕೇಳಿಸ್ತು ಅಂದೆಯಲ್ಲೇ?"

"ಕೇಳಿಸ್ತೋ ನೆನಪಾಯ್ತೋ, ಯಾರಿಗೆ ಗೊತ್ತು. ಈಗೀಗ ಎರಡೂ ಒಂದೇ ಆಗ್ಬಿಟ್ಟಿದೆ."

ಮೇಷ್ಟ್ರು ತಮ್ಮ ಬೆರಳು ಎತ್ತಿ ತೋರಿಸಿದರು. "ನನಗೂ ಇಷ್ಟೇ ಕಣೇ. ಬೆರಳಿಗೆ ತಿಳಿಯುತ್ತೆ, ಕಿವಿಗೆ ತಿಳಿಯಲ್ಲ."

ಆಕೆ ತಿರುಗಿ ಗಂಡನನ್ನು ಮೇಲಿಂದ ಕೆಳಗೆ ನೋಡಿದರು. ನಗು ಉಕ್ಕಿ ಬಂತು. "ಹಾಗಾದ್ರೆ ಇಬ್ಬರೂ ಸೇರಿ ಊರ ನಾಯಿ ಓಡಿಸಿದ್ವಿ ಅನ್ನಿ! ಪಕ್ಕದ ಮನೆಯವರಿಗೆ ಯಾವ ಮುಖ ತೋರಿಸೋದು?" ಇಬ್ಬರೂ ಗೋಡೆ ಹಿಡಿದುಕೊಂಡು ನಕ್ಕರು. ನಗುತ್ತ ನಗುತ್ತಲೇ ಆಕೆ ಮೊಣಕೈಯಿಂದ ಕಣ್ಣೊರೆಸಿಕೊಂಡರು, ಒಂದು ಸಲ, ಮತ್ತೊಂದು ಸಲ. ಮೇಷ್ಟ್ರು ಇಷ್ಟು ವರ್ಷ ತಮಗೆ ಕಿವಿಯಾಗಿದ್ದವಳ ಹತ್ತಿರ ಹೋಗಿ ನಿಂತರು.

"ನಡೀರಿ. ಬಿಚ್ಚಿ ಅದನ್ನ" ಎಂದರು ಆಕೆ.

ತಾಯಿಯನ್ನು ಕಂಡು ಮಗಳು ಸ್ಟೂಲಿನಿಂದ ದಡಬಡಿಸಿ ಎದ್ದಳು. ಆಕೆ ಹೆಗಲು ಹಿಡಿದು ಕೂರಿಸಿದರು. "ಏಳ್ಬೇಡ. ಪೆಟ್ಟಿಗೆ ಕಡೆ ತಿರುಗ್ಬೇಡ. ಅಪ್ಪನ ಕೈ ನೋಡಿದ್ರೆ ಪಾಪ ಅನ್ಸುತ್ತೆ, ಆಮೇಲೆ ಸುಳ್ಳು ಹೇಳ್ತೀಯ. ಬೆಳಿಗ್ಗೆ ಹೇಳಿದೆಯಲ್ಲ, ಹಾಗೆ." ಮಗಳ ಮುಖ ಕೆಂಪಾಯಿತು. ಆಕೆ ಮಗಳ ಎರಡು ಹೆಗಲ ಮೇಲೂ ಕೈಯಿಟ್ಟು ಹಿಂದೆ ನಿಂತರು.

ಎರಡನೆಯ ಟ್ವೀಟರಿನ ತಂತಿ ಮೊದಲು ಬಿಚ್ಚಿತು. ಹಾಡು ಹಾಕಿದರು.

"ಎರಡನೇ ಸಾಲಿಗೆ ಮುಂಚೆ ಉಸಿರು ಎಳ್ಕೋತಾಳೆ. ಬಂತಾ?" ಎಂದರು ಆಕೆ.

"ಬಂತು. ನನ್ನ ಕಿವಿಯೊಳಗೇ ಎಳ್ಕೊಂಡ ಹಾಗಿದೆ."

"ಅಷ್ಟು ಹತ್ತಿರ ಬರಬಾರದು ಅವಳು. ರೀ, ಹಲ್ಲು ಕಮ್ಮಿ ಮಾಡಿ."

ಕಿತ್ತೆಸೆದಿದ್ದ ರೆಸಿಸ್ಟರನ್ನು ಭಾಮೈದ ಮೇಜಿನಡಿಯಿಂದ ಹುಡುಕಿಕೊಟ್ಟ. ಮೇಷ್ಟ್ರು ತಂತಿ ಹೆಣೆದರು. ಮತ್ತೆ ಹಾಡು.

"ಈಗ?"

"ಈಗ ಎದುರಿಗೆ ಕೂತು ಹಾಡ್ತಿದಾಳೆ."

"ಎದುರಿಗೂ ಬೇಡ. ಇಲ್ಲಿಂದ ಅಡುಗೆಮನೆ ಬಾಗಿಲು ಇದೆಯಲ್ಲ, ಅಲ್ಲಿ ಒರಗಿ ನಿಂತು ಹಾಡ್ಬೇಕು. ನಮ್ಮನ್ನ ನೋಡ್ತಾ ಅಲ್ಲ, ತನ್ನ ಪಾಡಿಗೆ ತಾನು."

ಮೇಷ್ಟ್ರು ಬೆರಗಾಗಿ ಕೇಳುತ್ತಿದ್ದರು. ಇಷ್ಟು ವರ್ಷ ಹೊಟ್ಟೆ, ಗಂಟಲು, ಹಲ್ಲು ಎಂದು ಹೇಳುತ್ತಿದ್ದವಳ ಒಳಗೆ ಇಷ್ಟೆಲ್ಲ ಇತ್ತೆಂದು ಅವರಿಗೆ ಗೊತ್ತೇ ಇರಲಿಲ್ಲ, ಕೇಳಿಯೂ ಇರಲಿಲ್ಲ. ರೆಸಿಸ್ಟರ್ ದೊಡ್ಡದು ಹಾಕಿದರು. ಮಗಳು, "ಈಗ ಗಂಟಲು ಸ್ವಲ್ಪ ಕಟ್ಟಿದೆ" ಎಂದಳು. ಹೇಳಿದ ಮೇಲೆ ತಾನೇ ಬೆಚ್ಚಿ ತಾಯಿಯನ್ನು ನೋಡಿದಳು. ಮೇಷ್ಟ್ರು ನಡುವಿನ ಕಾಯಿಲ್‌ನಿಂದ ಸುತ್ತು ಬಿಚ್ಚತೊಡಗಿದರು. ಅಭ್ಯಾಸಬಲದಿಂದ ಲೆಕ್ಕ ಗಟ್ಟಿಯಾಗಿಯೇ ಬಂತು. ಯಾರೂ ಮಾತನಾಡಿಸಲಿಲ್ಲ.

ಬೇಡವಾದ ತೂತಿಗೆ ಭಾಮೈದ ಜೇಬಿನ ಬಿಲ್ಲೆ ತೆಗೆದು ಕೂರಿಸಿದ. ಗರಗಸ ತಿಂದಷ್ಟು ಸಂದು ಸುತ್ತಲೂ ಉಳಿಯಿತು, ಅದನ್ನು ಮರದ ಪುಡಿ, ಅಂಟು ಕಲಸಿ ತುಂಬಿದ. "ನೋಡಿದ್ರಾ? ಎಸೀಬಾರದು ಅನ್ನೋದು ಇದಕ್ಕೇ" ಎಂದು ಎಲ್ಲರಿಗೂ ಕೇಳುವಂತೆ ಹೇಳಿಕೊಂಡ.

ಕೊನೆಯ ಸಲ ಹಾಡು ಹಾಕಿದರು. ಮೊದಲ ಸಾಲು ಮುಗಿಯಿತು. ಮೇಷ್ಟ್ರಿಗೆ ಉಸಿರು ಕೇಳಿಸಲಿಲ್ಲ; ಅವರು ಹಾಡು ಕೇಳುತ್ತಲೂ ಇರಲಿಲ್ಲ, ಪಕ್ಕಕ್ಕೆ ಬಂದು ನಿಂತು ಹೆಂಡತಿಯನ್ನೇ ನೋಡುತ್ತಿದ್ದರು. ಎರಡನೆಯ ಸಾಲಿಗೆ ಒಂದು ಗಳಿಗೆ ಮುಂಚೆ ಆಕೆಯ ಎದೆ ಮೆಲ್ಲಗೆ ಮೇಲೆದ್ದಿತು, ತುಟಿ ಸ್ವಲ್ಪವೇ ತೆರೆಯಿತು. ಆಕೆ ಉಸಿರು ಎಳೆದುಕೊಂಡರು. ಪೆಟ್ಟಿಗೆಯಿಂದ ದನಿ ಬಂತು.

"ಅಮ್ಮಾ, ಕೇಳಿಸ್ತಾ?" ಮಗಳು ತಿರುಗದೆಯೇ ಕೇಳಿದಳು.

"ಇಲ್ಲ ಕಣೇ." ಹೆಗಲ ಮೇಲಿದ್ದ ಕೈ ಬಿಗಿಯಾಯಿತು. "ಆದ್ರೆ ಬಂತು, ಅಲ್ವಾ? ಅಡುಗೆಮನೆ ಬಾಗಿಲಿಂದ?"

"ಬಂತಮ್ಮ. ಅಲ್ಲಿಂದಲೇ ಬಂತು."

ಆಕೆ ಗಂಡನ ಕಡೆ ತಿರುಗಿದರು.

"ಈಗ ಸರಿ."

ಮೇಷ್ಟ್ರು ಸಾಲ್ಡರ್ ಹಾಕಿದರು.